ಬರ ಅಂದ್ರೆ ಏನು? ಒಂದೇ ಪದಕ್ಕೆ ನೂರೈವತ್ತು ವ್ಯಾಖ್ಯಾನ ಯಾಕೆ?

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಲಾಗಿದೆ.)

ಇವತ್ತು ಎರಡೇ ಅಕ್ಷರದ ಒಂದು ಪದದ ಬಗ್ಗೆ ಮಾತಾಡೋಣ. ಬರ.

ಈ ಪದ ನನ್ನ ತಲೆ ಹೊಕ್ಕಿದ್ದು 2023ರ ಸೆಪ್ಟೆಂಬರ್‌ನಲ್ಲಿ. ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿ ಶೇಂಗಾ ಹಾಕೋ ಊರು. ಚಿಕ್ಕಪ್ಪನಿಗೆ ಫೋನ್ ಮಾಡಿ, "ಬೆಳೆ ಹೆಂಗಿದೆ ಚಿಕ್ಕಪ್ಪ?" ಅಂತ ಕೇಳಿದೆ.

"ನೋಡಕ್ಕೆ ಚೆಂದಾಗೈತೆ ಕಣಪ್ಪ. ಹೊಲ ಹಸ್ರಾಗೈತೆ. ಕಿತ್ತು ನೋಡಿದ್ರೆ ಬುಡದಾಗೆ ಕಾಯೇ ಇಲ್ಲ."

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದ್ರು. "ಈಗ ನೋಡಕ್ಕೆ ಬರೋರು ರಸ್ತೆ ಮೇಲೆ ಜೀಪು ನಿಲ್ಸಿ, ಹಸ್ರೈತೆ, ಬರ ಇಲ್ಲ ಅಂತ ಬರ್ಕೊಂಡು ಹೋದ್ರೆ ಏನ್ಮಾಡದು? ಬರ ಅಂದ್ರೆ ಏನು ಅಂತ ಎಲ್ಲಾದ್ರೂ ಬರ್ದಿಟ್ಟವ್ರಾ?"

ಬರೆದಿಟ್ಟಿದ್ದಾರೆ. ಒಬ್ಬರಲ್ಲ, ಬಹಳ ಜನ ಬರೆದಿಟ್ಟಿದ್ದಾರೆ. ತೊಂದರೆ ಇರೋದೇ ಅಲ್ಲಿ. ವಿದ್ವಾಂಸರು ಒಂದು ಪದಕ್ಕೆ ಅರ್ಥ ಹೇಗೆ ಕಟ್ತಾರೆ, ಒಂದು ಶಾಸ್ತ್ರದಿಂದ ಇನ್ನೊಂದಕ್ಕೆ ಅದು ಯಾಕೆ ಬದಲಾಗುತ್ತೆ, ಆ ಬದಲಾವಣೆಯಿಂದ ಚಿಕ್ಕಪ್ಪನಂಥವರ ಜೇಬಿಗೆ ಏನಾಗುತ್ತೆ ಅನ್ನೋದು ಇವತ್ತಿನ ಸಂಚಿಕೆ.

ನೂರೈವತ್ತಕ್ಕೂ ಹೆಚ್ಚು ಅರ್ಥಗಳು

1985ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಡೊನಾಲ್ಡ್ ವಿಲ್‌ಹೈಟ್ ಮತ್ತು ಮೈಕೆಲ್ ಗ್ಲಾಂಟ್ಜ್, ಬರದ ವ್ಯಾಖ್ಯಾನಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ ಅಚ್ಚಾಗಿದ್ದ ವ್ಯಾಖ್ಯಾನಗಳನ್ನ ಹುಡುಕಿದಾಗ ಅವರಿಗೆ ಸಿಕ್ಕಿದ್ದು 150ಕ್ಕೂ ಹೆಚ್ಚು.

ಕೆಲವು ಕೇಳಿದರೆ ನಗು ಬರುತ್ತೆ. ಇಂಡೊನೇಷ್ಯಾದ ಬಾಲಿಯಲ್ಲಿ ಸತತ ಆರು ದಿನ ಮಳೆ ಇಲ್ಲದಿದ್ದರೆ ಬರ. ಲಿಬಿಯಾದಲ್ಲಿ ಇಡೀ ವರ್ಷಕ್ಕೆ 180 ಮಿಲಿಮೀಟರ್‌ಗಿಂತ ಕಡಿಮೆ ಮಳೆಯಾದರೆ ಬರ. ಬ್ರಿಟನ್ನಿನ ಹಳೇ ಲೆಕ್ಕದಲ್ಲಿ ಹದಿನೈದು ದಿನ ಸತತವಾಗಿ ಅಳೆಯುವಷ್ಟು ಮಳೆ ಬೀಳದಿದ್ದರೆ ಅದು 'ಪೂರ್ಣ ಬರ'. ಬ್ರಿಟನ್ನಿನ ಈ ಅಳತೆಯನ್ನ ಚಳ್ಳಕೆರೆಗೆ ತಂದರೆ ನಮ್ಮೂರಲ್ಲಿ ಬರ ಇಲ್ಲದ ವರ್ಷವೇ ಸಿಗಲ್ಲ.

ಆದರೆ ಆಯಾ ಊರಿನ ಮಟ್ಟಿಗೆ ಪ್ರತಿಯೊಂದೂ ಸರಿಯೇ. ಬಾಲಿಯಲ್ಲಿ ಮಳೆ ಪದೇ ಪದೇ ಬೀಳುತ್ತೆ, ಜನರ ಬದುಕು ಅದಕ್ಕೆ ಹೊಂದಿಕೊಂಡಿದೆ. ಅಲ್ಲಿ ಆರು ದಿನ ಅಂದ್ರೆ ದೊಡ್ಡ ಅಂತರ. ಬರ ಅನ್ನೋದು ಇಷ್ಟೇ ಮಳೆ ಅನ್ನೋ ಲೆಕ್ಕವಲ್ಲ. ರೂಢಿಗಿಂತ ಎಷ್ಟು ಕಡಿಮೆ ಅನ್ನೋ ಲೆಕ್ಕ. ನಮ್ಮ ಹವಾಮಾನ ವರದಿಗಳಲ್ಲಿ 'ವಾಡಿಕೆ ಮಳೆ' ಅಂತ ಬರುತ್ತಲ್ಲ, ಆ ವಾಡಿಕೆ ಅನ್ನೋ ಪದದಲ್ಲೇ ಇದು ಅಡಗಿದೆ. ಜೈಸಲ್ಮೇರಿಗೆ ಸಮೃದ್ಧಿ ಅನ್ನಿಸೋ ಮಳೆ ಆಗುಂಬೆಗೆ ಭಾರೀ ಬರ.

ಈ ನೂರೈವತ್ತನ್ನೂ ವಿಲ್‌ಹೈಟ್ ಮತ್ತು ಗ್ಲಾಂಟ್ಜ್ ನಾಲ್ಕು ಗುಂಪು ಮಾಡಿದರು: ಹವಾಮಾನದ ಬರ, ಕೃಷಿಯ ಬರ, ಜಲಮೂಲಗಳ ಬರ, ಸಾಮಾಜಿಕ-ಆರ್ಥಿಕ ಬರ. ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಇದೇ ವಿಂಗಡಣೆ ನಡೀತಿದೆ. ಈ ನಾಲ್ಕೂ ಕಡೆಯವರನ್ನ ನಮ್ಮ ಚಿಕ್ಕಪ್ಪನ ಹೊಲದ ಬದುವಿನ ಮೇಲೆ ನಿಲ್ಲಿಸೋಣ.

ಒಂದೇ ಹೊಲ, ನಾಲ್ಕು ಜನ

ಮೊದಲು ಹವಾಮಾನ ತಜ್ಞರು. ಅವರ ಕಣ್ಣು ಮಳೆಮಾಪಕದ ಮೇಲೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ಪ್ರದೇಶದಲ್ಲಿ ಮುಂಗಾರು ಮಳೆ ವಾಡಿಕೆಗಿಂತ 26ರಿಂದ 50 ಶೇಕಡಾ ಕಡಿಮೆಯಾದರೆ ಮಧ್ಯಮ ಬರ. ಐವತ್ತನ್ನೂ ದಾಟಿದರೆ ತೀವ್ರ ಬರ. ಹೊಲದಲ್ಲಿ ರಾಗಿ ಇದೆಯೋ ಶೇಂಗಾ ಇದೆಯೋ, ಪಕ್ಕದಲ್ಲಿ ಕೆರೆ ಇದೆಯೋ ಇಲ್ಲವೋ, ಅವರಿಗೆ ಸಂಬಂಧವಿಲ್ಲ. ಅವರು ಉತ್ತರ ಹುಡುಕ್ತಿರೋ ಪ್ರಶ್ನೆ: ಆಕಾಶದಿಂದ ಬೀಳಬೇಕಾದ್ದು ಬಿತ್ತೋ ಇಲ್ವೋ?

ಎರಡನೆಯವರು ಕೃಷಿ ವಿಜ್ಞಾನಿ. ಅವರು ಮೇಲೆ ನೋಡಲ್ಲ, ಬಗ್ಗಿ ಮಣ್ಣು ಹಿಡೀತಾರೆ. ಬೇರಿಗೆ ಬೇಕಾದ ಹೊತ್ತಲ್ಲಿ ಬೇಕಾದಷ್ಟು ತೇವ ಇತ್ತಾ ಅನ್ನೋದು ಅವರ ಪ್ರಶ್ನೆ. ಒಟ್ಟು ಮಳೆ ಎಷ್ಟು ಅನ್ನೋದಕ್ಕಿಂತ ಅದು ಯಾವಾಗ ಬಿತ್ತು ಅನ್ನೋದು ಮುಖ್ಯ. 2023ನ್ನೇ ತಗೊಳ್ಳಿ. ಕರ್ನಾಟಕದಲ್ಲಿ ಜೂನ್ ಕೈಕೊಟ್ಟಿತು. ಜುಲೈನಲ್ಲಿ ವಾಡಿಕೆಗಿಂತ ಹೆಚ್ಚೇ ಮಳೆಯಾಯ್ತು. ಜನ ನಂಬಿ ಬಿತ್ತಿದರು. ಆಗಸ್ಟ್‌ನಲ್ಲಿ ಸುಮಾರು 73 ಶೇಕಡಾ ಕೊರತೆ. ಶೇಂಗಾ ಹೂವಾಗಿ, ಆ ಹೂವಿನ ಬುಡದಿಂದ ಒಂದು ಸಣ್ಣ ದಂಟು ನೆಲಕ್ಕೆ ಇಳಿದು, ಮಣ್ಣೊಳಗೆ ಕಾಯಿ ಕಟ್ಟಬೇಕು. ನೆಲ ಒಣಗಿ ಗಟ್ಟಿಯಾಗಿದ್ದರೆ ಆ ದಂಟು ಒಳಗೆ ಹೋಗೋದೇ ಇಲ್ಲ. ಗಿಡ ಬದುಕಿರುತ್ತೆ, ಎಲೆ ಹಸಿರಾಗಿರುತ್ತೆ, ಬುಡದಲ್ಲಿ ಕಾಯಿ ಇರಲ್ಲ. ಆ ವರ್ಷ ಸುದ್ದಿಯಲ್ಲಿ ಕೇಳಿಬಂದ 'ಹಸಿರು ಬರ' ಅನ್ನೋ ಮಾತಿನ ಅರ್ಥ ಇದು. ಮಣ್ಣಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಎರೆ ಭೂಮಿ ತೇವ ಹಿಡಿದಿಟ್ಟುಕೊಳ್ಳುತ್ತೆ, ನಮ್ಮ ಕೆಂಪು ಮಣ್ಣು ಬೇಗ ಬಿಟ್ಟುಬಿಡುತ್ತೆ. ಅದೇ ಮಳೆ ಬಿದ್ದರೂ ಒಂದು ಹೊಲಕ್ಕೆ ಬರ, ಇನ್ನೊಂದಕ್ಕೆ ಇಲ್ಲ.

ಮೂರನೆಯವರು ಜಲತಜ್ಞರು. ಅವರ ಲೆಕ್ಕ ಅಣೆಕಟ್ಟೆ, ಕೆರೆ, ಹೊಳೆ, ಬೋರ್‌ವೆಲ್‌ಗಳದ್ದು. ಇಲ್ಲೊಂದು ವಿಚಿತ್ರ ಇದೆ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ, ಅಂದ್ರೆ ಮಾರಿಕಣಿವೆ, 2022ರ ಸೆಪ್ಟೆಂಬರ್‌ನಲ್ಲಿ 89 ವರ್ಷಗಳ ನಂತರ ಕೋಡಿ ಬಿದ್ದಿತ್ತು. ಮರುವರ್ಷ ಮಳೆ ಹೋದಾಗ ಹಿಂದಿನ ವರ್ಷದ ನೀರು ಅಣೆಕಟ್ಟೆಯಲ್ಲಿತ್ತು. ಅಣೆಕಟ್ಟೆ ಮೇಲೆ ನಿಂತು ನೋಡಿದವರಿಗೆ ಎಲ್ಲಿಯ ಬರ ಅನ್ನಿಸಬೇಕು. ಅದೇ ಜಿಲ್ಲೆಯ ಮಳೆಯಾಶ್ರಿತ ಹೊಲದಲ್ಲಿ ನಿಂತವರಿಗೆ ಕಣ್ಣೀರು ಬರಬೇಕು. ಇದಕ್ಕೆ ಉಲ್ಟಾನೂ ಆಗುತ್ತೆ. ಆಗಸ್ಟ್‌ನಲ್ಲಿ ಹೋದ ಮಳೆಯ ಬಿಸಿ ಬೆಂಗಳೂರಿನ ಟ್ಯಾಂಕರ್ ಸಾಲುಗಳಿಗೆ ತಟ್ಟಿದ್ದು 2024ರ ಫೆಬ್ರವರಿ-ಮಾರ್ಚ್‌ನಲ್ಲಿ. ಹೊಲದ ಬರ ಕೆಲವೇ ವಾರಗಳಲ್ಲಿ ಕಾಣುತ್ತೆ. ಅಂತರ್ಜಲದ ಬರ ತಿಂಗಳುಗಟ್ಟಲೆ ತಡವಾಗಿ ಬರುತ್ತೆ, ಮಳೆ ಬಂದ ಮೇಲೂ ಬೇಗ ಹೋಗಲ್ಲ.

ನಾಲ್ಕನೆಯವರು ಅರ್ಥಶಾಸ್ತ್ರದವರು ಅಥವಾ ಸಮಾಜಶಾಸ್ತ್ರದವರು. ಅವರು ಮಳೆ, ಮಣ್ಣು, ನೀರು ಮೂರನ್ನೂ ಬಿಟ್ಟು ಮನೆ ಒಳಗೆ ಇಣುಕ್ತಾರೆ. ನೀರಿನ ಕೊರತೆಯಿಂದ ಯಾರ ಬದುಕು ಎಷ್ಟು ಅಲ್ಲಾಡ್ತು? ಬೋರ್‌ವೆಲ್‌ನಲ್ಲಿ ನೀರಿದ್ದು ಅಡಿಕೆ ಇಟ್ಟವನಿಗೆ ಆ ವರ್ಷ ಬರೀ ಬೇಸರದ ವರ್ಷ. ಕೂಲಿಗೆ ಹೋಗೋಳಿಗೆ ಕಳೆ ಕೀಳೋ ಕೆಲಸವೂ ಇಲ್ಲ, ಕಾಯಿ ಬಿಡಿಸೋ ಕೆಲಸವೂ ಇಲ್ಲ. ಅವಳ ಮನೆಯವರು ಗುಳೆ ಹೋಗ್ತಾರೆ. ಅವಳ ಬಳಿ ಒಣಗೋಕೆ ಹೊಲವೇ ಇಲ್ಲ. ಆದರೂ ಬರ ಮೊದಲು ಹೊಡೆಯೋದು ಅವಳಿಗೇ.

ಈ ನಾಲ್ವರಲ್ಲಿ ಯಾರು ಸರಿ ಅಂತ ಕೇಳಿದರೆ ಉತ್ತರ ಇಲ್ಲ. ನಾಲ್ವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿದ್ದಾರೆ. ನಾವು ಮಾತ್ರ ನಾಲ್ಕು ಉತ್ತರಕ್ಕೂ ಒಂದೇ ಹೆಸರಿಟ್ಟಿದ್ದೇವೆ.

ಹಸು ಅಂದ್ರೆ ಏನು?

ಒಂದು ವ್ಯಾಖ್ಯಾನ ಚೆನ್ನಾಗಿದೆಯೋ ಇಲ್ವೋ ಅಂತ ಪರೀಕ್ಷೆ ಮಾಡೋದು ಹೇಗೆ? ಇದಕ್ಕೆ ನಮ್ಮ ನ್ಯಾಯಶಾಸ್ತ್ರದಲ್ಲಿ ಬಹಳ ಸರಳವಾದ ಒಂದು ಉಪಾಯ ಇದೆ. 17ನೇ ಶತಮಾನದ ಅನ್ನಂಭಟ್ಟರ ತರ್ಕಸಂಗ್ರಹವನ್ನ ಸಂಸ್ಕೃತ ಪಾಠಶಾಲೆಗಳಲ್ಲಿ ಇವತ್ತಿಗೂ ಆರಂಭದ ಪಾಠವಾಗಿ ಓದ್ತಾರೆ. ಆ ಪರಂಪರೆಯಲ್ಲಿ ವ್ಯಾಖ್ಯಾನಕ್ಕೆ 'ಲಕ್ಷಣ' ಅಂತ ಹೆಸರು. ಲಕ್ಷಣಕ್ಕೆ ಮೂರು ದೋಷ ಇರಬಾರದು. ಉದಾಹರಣೆಗೆ ಅವರು ತಗೊಳ್ಳೋದು ಹಸುವನ್ನ.

'ಹಸು ಅಂದ್ರೆ ಕಂದು ಬಣ್ಣದ ಪ್ರಾಣಿ' ಅಂದರೆ? ಬಿಳಿ ಹಸು, ಕಪ್ಪು ಹಸು ಹೊರಗೆ ಉಳಿದವು. ಒಳಗೆ ಬರಬೇಕಾದ್ದು ಬಿಟ್ಟುಹೋಯ್ತು. ಇದು ಅವ್ಯಾಪ್ತಿ. 'ಹಸು ಅಂದ್ರೆ ಕೊಂಬಿರೋ ಪ್ರಾಣಿ' ಅಂದರೆ? ಎಮ್ಮೆ, ಮೇಕೆ ಎಲ್ಲಾ ಒಳಗೆ ನುಗ್ಗಿದವು. ಇದು ಅತಿವ್ಯಾಪ್ತಿ. 'ಹಸು ಅಂದ್ರೆ ಸೀಳಿಲ್ಲದ ಒಂದೇ ಗೊರಸಿನ ಪ್ರಾಣಿ' ಅಂದರೆ? ಅಂಥ ಹಸು ಒಂದೂ ಸಿಗಲ್ಲ. ಇದು ಅಸಂಭವ. ಕೊನೆಗೆ ಅವರು ಒಪ್ಪೋದು ಗಂಗೆದೊಗಲನ್ನ, ಅಂದ್ರೆ ಹಸುವಿನ ಕುತ್ತಿಗೆ ಕೆಳಗೆ ಜೋತಾಡೋ ಚರ್ಮವನ್ನ.

ಈಗ ಈ ಮೂರು ದೋಷ ಇಟ್ಕೊಂಡು ಬರದ ವ್ಯಾಖ್ಯಾನ ನೋಡಿ. 'ಬರ ಅಂದ್ರೆ ಒಂದು ಹನಿಯೂ ಮಳೆ ಬೀಳದ ವರ್ಷ' ಅಂದರೆ ನಮ್ಮ ರಾಜ್ಯದಲ್ಲಿ ಅದು ಅಸಂಭವ. 'ಮುಂಗಾರಿನ ಒಟ್ಟು ಮಳೆ ಇಷ್ಟು ಶೇಕಡಾ ಕಡಿಮೆಯಾದರೆ ಬರ' ಅಂದರೆ ಎರಡು ದೋಷ ಒಟ್ಟಿಗೆ ಬರುತ್ತವೆ. ಮಳೆ ಕಡಿಮೆಯಾದರೂ ಕಾಲುವೆ ನೀರಲ್ಲಿ ಭತ್ತ ಬೆಳೆದ ಊರು ಬರದ ಪಟ್ಟಿಗೆ ಸೇರಿಬಿಡುತ್ತೆ, ಅದು ಅತಿವ್ಯಾಪ್ತಿ. ಜುಲೈನಲ್ಲಿ ಸುರಿದು ಆಗಸ್ಟ್‌ನಲ್ಲಿ ಮಾಯವಾದ ಮಳೆಗೆ ಸಿಕ್ಕ ಚಿಕ್ಕಪ್ಪನ ಶೇಂಗಾ ಹೊರಗೆ ಉಳಿಯಬಹುದು, ಅದು ಅವ್ಯಾಪ್ತಿ. 'ಹೊಲ ಒಣಗಿ ಕಾಣಬೇಕು' ಅಂದರೂ ಅವ್ಯಾಪ್ತಿಯೇ, ಹಸಿರು ಬರ ಬಿಟ್ಟುಹೋಗುತ್ತೆ.

ಹಸುವಿಗೆ ಗಂಗೆದೊಗಲು ಸಿಕ್ಕಿತು. ಬರಕ್ಕೆ ಅಂಥದ್ದೊಂದು ಸಿಕ್ಕಿಲ್ಲ. ಹಸು ಕಣ್ಣೆದುರು ನಿಂತಿರೋ ಪ್ರಾಣಿ. ಬರಕ್ಕೆ ಇಂಥ ದಿನ ಶುರುವಾಯ್ತು, ಇಂಥ ದಿನ ಮುಗೀತು ಅನ್ನೋ ಗೆರೆಯೇ ಇಲ್ಲ. ಪ್ರವಾಹ ಬಂದ ದಿನ ಎಲ್ಲರಿಗೂ ಗೊತ್ತಾಗುತ್ತೆ. ಬರ ಬಂದಿದ್ದು ಗೊತ್ತಾಗೋದು ಬಂದು ಎಷ್ಟೋ ದಿನ ಆದಮೇಲೆ.

ತಿಳಿಯೋಕೆ ಒಂದು, ಅಳೆಯೋಕೆ ಇನ್ನೊಂದು

ವಿಲ್‌ಹೈಟ್ ಮತ್ತು ಗ್ಲಾಂಟ್ಜ್ ಇನ್ನೊಂದು ವಿಂಗಡಣೆ ಮಾಡಿದ್ರು, ಅದು ಎಲ್ಲಾ ಶಾಸ್ತ್ರಗಳಿಗೂ ಅನ್ವಯಿಸುತ್ತೆ. ವ್ಯಾಖ್ಯಾನದಲ್ಲಿ ಎರಡು ಬಗೆ. ಒಂದು, ವಿಷಯ ತಿಳಿಸೋ ವ್ಯಾಖ್ಯಾನ. 'ಬಹಳ ದಿನ ಮಳೆ ಕಡಿಮೆಯಾಗಿ ಬೆಳೆ ನಷ್ಟವಾಗೋದೇ ಬರ.' ಇದು ನಿಘಂಟಿಗೆ ಸಾಕು. ಆದರೆ ಇದನ್ನ ಇಟ್ಕೊಂಡು ತಹಶೀಲ್ದಾರ್ ಕಚೇರಿಯಲ್ಲಿ ಒಂದು ಕಾಗದವೂ ಮುಂದೆ ಹೋಗಲ್ಲ. ಬಹಳ ದಿನ ಅಂದ್ರೆ ಎಷ್ಟು? ಕಡಿಮೆ ಅಂದ್ರೆ ಎಷ್ಟು?

ಇನ್ನೊಂದು, ಅಳತೆಯ ವ್ಯಾಖ್ಯಾನ. ಏನನ್ನ ಅಳೆಯಬೇಕು, ಯಾವುದರಿಂದ ಅಳೆಯಬೇಕು, ಎಲ್ಲಿ ಗೆರೆ ಎಳೆಯಬೇಕು ಅಂತ ಹೇಳೋದು. ಭೌತವಿಜ್ಞಾನಿ ಪರ್ಸಿ ಬ್ರಿಜ್‌ಮನ್ 1927ರಲ್ಲಿ ಈ ವಿಚಾರವನ್ನ ತುದಿಯವರೆಗೆ ತಗೊಂಡು ಹೋದರು. ಅವರ ಪ್ರಕಾರ ಒಂದು ಪರಿಕಲ್ಪನೆಯ ಅರ್ಥ ಅಂದ್ರೆ ಅದನ್ನ ಅಳೆಯೋ ಕ್ರಿಯೆಗಳೇ, ಉದ್ದ ಅಂದ್ರೆ ಉದ್ದ ಅಳೆಯೋ ವಿಧಾನ. ಭೌತವಿಜ್ಞಾನದಿಂದ ಮನಶ್ಶಾಸ್ತ್ರದವರೆಗೆ ಈ ಯೋಚನೆಯ ಪ್ರಭಾವ ದೊಡ್ಡದು.

ಅಳತೆಯ ವ್ಯಾಖ್ಯಾನಕ್ಕೆ ಒಂದು ಬೆಲೆ ತೆರಬೇಕು. ಶೇಕಡಾ 26 ಕೊರತೆ ಅಂದ್ರೆ ಬರ ಅಂತ ಗೆರೆ ಎಳೆದ ಮೇಲೆ ಶೇಕಡಾ 25 ಕೊರತೆ ಆದ ಊರು ಆಚೆ ಉಳೀತು. ಆ ಒಂದು ಶೇಕಡಾದಲ್ಲಿ ಪ್ರಕೃತಿ ಏನೂ ಬದಲಾಗಿಲ್ಲ. ಗೆರೆ ಎಳೆದವರು ಮನುಷ್ಯರು. ಆಡಳಿತ ನಡೆಯೋಕೆ ಗೆರೆ ಬೇಕೇ ಬೇಕು, ಅದು ತಪ್ಪಲ್ಲ. ಆದರೆ ಅದು ನಿರ್ಧಾರ ಅನ್ನೋದನ್ನ ಮರೆತು, ವಿಜ್ಞಾನವೇ ಹೀಗೆ ಹೇಳಿದೆ ಅಂತ ಮಾತಾಡೋಕೆ ಶುರುಮಾಡಿದಾಗ ತೊಂದರೆ.

ಹೆಸರಿಟ್ಟರೆ ಜವಾಬ್ದಾರಿ ಬರುತ್ತೆ

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಕಡೆ ಹಿರಿಯರು 'ಧಾತು ವರ್ಷದ ಬರ' ಅಂತಿದ್ರು. ಧಾತು ಸಂವತ್ಸರ ಅಂದ್ರೆ 1876-77. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಮಹಾ ಕ್ಷಾಮದ ನಂತರ ಬ್ರಿಟಿಷ್ ಸರ್ಕಾರ ಕ್ಷಾಮ ಆಯೋಗ ನೇಮಿಸಿತು. 1880ರ ದಶಕದಲ್ಲಿ ಕ್ಷಾಮ ಸಂಹಿತೆಗಳು ಬಂದವು. ಅವುಗಳಲ್ಲಿ 'ಅಭಾವ' ಮತ್ತು 'ಕ್ಷಾಮ' ಬೇರೆ ಬೇರೆ ಹಂತ. ಕ್ಷಾಮ ಅಂತ ಘೋಷಣೆಯಾದರೆ ಸರ್ಕಾರ ಕೆಲಸ ಕೊಡಬೇಕು, ಅಶಕ್ತರಿಗೆ ಊಟ ಹಾಕಬೇಕು. ಪದಕ್ಕೆ ಜವಾಬ್ದಾರಿ ಅಂಟಿಕೊಂಡಿತು. ಹಾಗಾಗಿಯೇ ಆ ಪದ ಬಳಸೋಕೆ ಹಿಂಜರಿಕೆಯೂ ಶುರುವಾಯ್ತು.

1943ರ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಅಲ್ಲಿನ ಸರ್ಕಾರ ಸಂಹಿತೆ ಪ್ರಕಾರ ಕ್ಷಾಮ ಅಂತ ಘೋಷಿಸಲೇ ಇಲ್ಲ. ಮುಂದೆ ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಕ್ಷಾಮದ ಅರ್ಥವನ್ನೇ ತಿರುಗಿಸಿ ನೋಡಿದರು. ಊರಲ್ಲಿ ಅಕ್ಕಿ ಇಲ್ಲದಿರೋದು ಒಂದು ಮಾತು, ಜನರ ಕೈಗೆ ಅಕ್ಕಿ ಎಟುಕದಿರೋದು ಇನ್ನೊಂದು ಮಾತು. ಕ್ಷಾಮ ಎರಡನೆಯದರಿಂದಲೂ ಬರುತ್ತೆ ಅಂತ ತೋರಿಸಿದರು. ವ್ಯಾಖ್ಯಾನ ಬದಲಾದ ಕೂಡಲೇ ಹುಡುಕಬೇಕಾದ ಜಾಗವೂ ಬದಲಾಯ್ತು. ಉಗ್ರಾಣದ ಲೆಕ್ಕದ ಜೊತೆ ಕೂಲಿ ಮತ್ತು ಬೆಲೆಯ ಲೆಕ್ಕವನ್ನೂ ನೋಡಬೇಕಾಯ್ತು.

ಇವತ್ತು ಜಗತ್ತಿನ ಮಟ್ಟದಲ್ಲಿ ಕ್ಷಾಮ ಅನ್ನೋಕೆ ಬಿಗಿಯಾದ ಅಳತೆ ಇದೆ. ಐದರಲ್ಲಿ ಒಂದು ಮನೆಗೆ ತೀವ್ರ ಆಹಾರದ ಕೊರತೆ, ನೂರಕ್ಕೆ ಮೂವತ್ತು ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರ ಸಾವು. ಮೂರೂ ಕೂಡಿದರೆ ಕ್ಷಾಮ. ಇಷ್ಟು ಬಿಗಿ ಮಾಡಿದ್ದಕ್ಕೆ ಕಾರಣ ಇದೆ: ಯಾರೂ ಸುಮ್ಮನೆ ಕೂಗೆಬ್ಬಿಸಬಾರದು, ಯಾರೂ ಮುಚ್ಚಿಡಲೂಬಾರದು. ಆದರೆ ಗಮನಿಸಿ, ಸಾವಿನ ಲೆಕ್ಕವೇ ಅಳತೆಯೊಳಗಿದೆ. ಹೆಸರಿಡೋ ಹೊತ್ತಿಗೆ ಎಷ್ಟೋ ಜನ ಹೋಗಿರ್ತಾರೆ. 2011ರ ಜುಲೈನಲ್ಲಿ ಸೊಮಾಲಿಯಾದಲ್ಲಿ ಕ್ಷಾಮ ಘೋಷಣೆ ಆಯ್ತು. ಸತ್ತವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಅದಕ್ಕೂ ಮೊದಲೇ ತೀರಿಹೋಗಿದ್ದರು ಅಂತ ಆಮೇಲೆ ನಡೆದ ಅಧ್ಯಯನದಿಂದ ಗೊತ್ತಾಯ್ತು.

ನಮ್ಮ ದೇಶದ ಲೆಕ್ಕ

ಭಾರತದಲ್ಲಿ ಈ ಜಗಳ ಜೋರಾಗಿದ್ದು 2016ರಲ್ಲಿ. ಆ ವರ್ಷದ ಆರಂಭದಲ್ಲಿ ಹವಾಮಾನ ಇಲಾಖೆ ಇಡೀ ದೇಶದ ಮಟ್ಟಕ್ಕೆ 'ಬರದ ವರ್ಷ' ಅನ್ನೋ ಪದ ಬಿಟ್ಟು 'ಕೊರತೆಯ ವರ್ಷ' ಅಂತ ಬಳಸೋಕೆ ಶುರುಮಾಡಿತು. ಕೇಳಿದವರಿಗೆ ಬರೀ ಪದದಾಟ ಅನ್ನಿಸಬಹುದು. ಆದರೆ ಅದರ ಹಿಂದೆ ಒಂದು ತರ್ಕ ಇದೆ. ನಾವು ಅಳೆಯೋದು ಮಳೆಯನ್ನ, ಮಳೆ ಕೊರತೆ ಅಂತಷ್ಟೆ ಹೇಳ್ತೀವಿ. ಬರ ಹೌದೋ ಅಲ್ವೋ ಅನ್ನೋದು ಬೆಳೆ, ಮಣ್ಣು, ನೀರು ಎಲ್ಲಾ ನೋಡಿ ರಾಜ್ಯಗಳು ಹೇಳಬೇಕಾದ್ದು.

ಅದೇ ವರ್ಷ ಮೇ 11ರಂದು ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬಿಹಾರ, ಗುಜರಾತ್, ಹರಿಯಾಣ ರಾಜ್ಯಗಳು ಬರ ಇದ್ದರೂ ಬರ ಅನ್ನೋಕೆ ಹಿಂಜರೀತಿವೆ ಅನ್ನೋದು ಅಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಬರ ನಿರ್ವಹಣೆ ಕೈಪಿಡಿಯನ್ನ ಪರಿಷ್ಕರಿಸಿ ಅಂತ ಕೋರ್ಟ್ ಕೇಂದ್ರಕ್ಕೆ ಹೇಳಿತು. ವರ್ಷದ ಕೊನೆಗೆ ಹೊಸ ಕೈಪಿಡಿ ಬಂತು.

ಚಿಕ್ಕಪ್ಪ ಕೇಳಿದ 'ಎಲ್ಲಾದ್ರೂ ಬರ್ದಿಟ್ಟವ್ರಾ' ಅನ್ನೋದಕ್ಕೆ ಉತ್ತರ ಈ ಕೈಪಿಡಿ. ಅದರಲ್ಲಿ ನಾನು ಆಗಲೇ ಹೇಳಿದ ಬದುವಿನ ಮೇಲಿನ ಜನರಲ್ಲಿ ಮೂವರು ಕಾಣ್ತಾರೆ. ಮೊದಲ ಬಾಗಿಲು ಮಳೆ, ಅದು ಕಡ್ಡಾಯ. ಮಳೆ ಕೊರತೆ ಇರಬೇಕು, ಇಲ್ಲಾ ಮೂರ್ನಾಲ್ಕು ವಾರ ಸತತವಾಗಿ ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದ ಒಣ ಅವಧಿ ಇರಬೇಕು. ಒಟ್ಟು ಮಳೆಯ ಲೆಕ್ಕದಲ್ಲಿ ಬಿಟ್ಟುಹೋಗೋ ಆಗಸ್ಟ್‌ನಂಥ ತಿಂಗಳು ಇಲ್ಲಿ ಸಿಕ್ಕಿಬೀಳುತ್ತೆ. ಆ ಬಾಗಿಲು ದಾಟಿದ ಮೇಲೆ ಪರಿಣಾಮದ ಸೂಚಕಗಳು: ಬಿತ್ತನೆ ಎಷ್ಟಾಗಿದೆ, ಉಪಗ್ರಹ ಚಿತ್ರದಲ್ಲಿ ಬೆಳೆ ಹೇಗೆ ಕಾಣುತ್ತೆ, ಮಣ್ಣಲ್ಲಿ ತೇವ ಎಷ್ಟಿದೆ, ಜಲಾಶಯ ಮತ್ತು ಅಂತರ್ಜಲ ಹೇಗಿದೆ. ಆಮೇಲೆ ಹಳ್ಳಿಗಳಲ್ಲಿ ಶೇಕಡಾ ಹತ್ತನ್ನ ಆರಿಸಿ, ಹೊಲಕ್ಕೆ ಹೋಗಿ ಕಣ್ಣಾರೆ ನೋಡಬೇಕು. ಕೊನೆಗೆ ತಾಲ್ಲೂಕಿಗೆ ಒಂದು ಮುದ್ರೆ: ಬರ ಇಲ್ಲ, ಮಧ್ಯಮ ಬರ, ತೀವ್ರ ಬರ.

ಹಣದ ವಿಷಯಕ್ಕೆ ಬಂದರೆ ಕೊನೆಯ ಎರಡರ ನಡುವೆ ಬಹಳ ಅಂತರ ಇದೆ. ಮಧ್ಯಮ ಅಂದ್ರೆ ರಾಜ್ಯವೇ ನೋಡಿಕೊಳ್ಳಬೇಕು. ಕೇಂದ್ರದ ವಿಪತ್ತು ಪರಿಹಾರ ನಿಧಿಯಿಂದ ಕೇಳಬೇಕಾದ್ರೆ ತೀವ್ರ ಅಂತ ಆಗಬೇಕು. ಹಸಿರು ಬರದ ಕಷ್ಟ ಇಲ್ಲೇ. ಉಪಗ್ರಹ ನೋಡೋದು ಎಲೆಯನ್ನ, ಶೇಂಗಾ ಕಟ್ಟೋದು ನೆಲದೊಳಗೆ. ಕಾಯಿ ಇದೆಯೋ ಇಲ್ವೋ ಅಂತ ಗೊತ್ತಾಗೋಕೆ ಯಾರಾದರೂ ಹೊಲಕ್ಕಿಳಿದು ಗಿಡ ಕೀಳಲೇಬೇಕು.

2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಮೊದಲು 195 ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಿತು. ಅದರಲ್ಲಿ 161 ತೀವ್ರ, 34 ಮಧ್ಯಮ. ಮುಂದೆ ಪಟ್ಟಿ ಬೆಳೆದು 236 ತಾಲ್ಲೂಕುಗಳಲ್ಲಿ 223ಕ್ಕೆ ಬಂತು. ರಾಜ್ಯ ಕೇಂದ್ರದಿಂದ ಸುಮಾರು 18,171 ಕೋಟಿ ರೂಪಾಯಿ ಕೇಳಿತು. ವಿಷಯ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಎರಡು ಸರ್ಕಾರಗಳ ಲೆಕ್ಕ ಯಾಕೆ ಇಷ್ಟು ದೂರ ಇದೆ ಅನ್ನೋದರ ರಾಜಕೀಯ ಬೇರೆ ಸಂಚಿಕೆಯ ವಿಷಯ. ನಮ್ಮ ಇವತ್ತಿನ ವಿಷಯಕ್ಕೆ ಬೇಕಾದ್ದು ಇಷ್ಟು: ಯಾವ ನಷ್ಟವನ್ನ ನಷ್ಟ ಅಂತ ಎಣಿಸಬೇಕು ಅನ್ನೋದು ಕೂಡಾ ವ್ಯಾಖ್ಯಾನವೇ.

ಉದಾಹರಣೆಗೆ, 2015ರವರೆಗೆ ಬೆಳೆ ಕನಿಷ್ಠ ಅರ್ಧ ಹೋದವರಿಗೆ ಮಾತ್ರ ಪರಿಹಾರ ಸಿಗ್ತಿತ್ತು. ಆ ವರ್ಷ ಗೆರೆಯನ್ನ ಶೇಕಡಾ 33ಕ್ಕೆ ಇಳಿಸಿದರು. ಹೊಲದಲ್ಲಿ ಬೆಳೆ ಅಷ್ಟೇ ಹೋಗಿತ್ತು. ಕಾಗದದ ಮೇಲೆ ಒಂದು ಅಂಕಿ ಬದಲಾಯ್ತು, ನಷ್ಟವಾದವರ ಪಟ್ಟಿ ಉದ್ದವಾಯ್ತು.

ಚಿಕ್ಕಪ್ಪ, ಮತ್ತೆ ಪಕ್ಕದ ಹೊಲದವರು

ನಮ್ಮ ತಾಲ್ಲೂಕು ಪಟ್ಟಿಯಲ್ಲಿತ್ತು. ನೋಡೋಕೆ ಬಂದವರು ಹೊಲಕ್ಕಿಳಿದು ನಾಲ್ಕು ಗಿಡ ಕಿತ್ತು ನೋಡಿದ್ರಂತೆ. "ರಸ್ತೆಯಾಗೆ ನಿಂತು ಹೋಗ್ಲಿಲ್ಲ ಕಣಪ್ಪ, ಪರ್ವಾಗಿಲ್ಲ" ಅಂದ್ರು ಚಿಕ್ಕಪ್ಪ. ಮಳೆಯಾಶ್ರಿತ ಬೆಳೆಗೆ ಪರಿಹಾರದ ದರ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ. ಎಕರೆಗೆ ಸುಮಾರು 3,400 ಅಂತಾಯ್ತು. ಶೇಂಗಾ ಬೀಜಕ್ಕೆ ಹಾಕಿದ ದುಡ್ಡೂ ಹುಟ್ಟಲ್ಲ, ಆದರೂ ಬಂತು. ಕಂತಿನಲ್ಲಿ, ತಡವಾಗಿ, ಬ್ಯಾಂಕ್ ಖಾತೆಗೆ ಬಂತು.

ಚಿಕ್ಕಪ್ಪನ ಪಕ್ಕದ ಹೊಲವನ್ನ ಆ ವರ್ಷ ಬೇರೊಬ್ಬರು ಕೋರಿಗೆ ಮಾಡಿದ್ದರು. ಬೀಜ ಅವರದ್ದು, ಬೇಸಾಯ ಅವರದ್ದು, ಸಾಲವೂ ಅವರದ್ದೇ. ಪಹಣಿ ಮಾತ್ರ ಬೆಂಗಳೂರಲ್ಲಿರೋ ಮಾಲೀಕರ ಹೆಸರಲ್ಲಿ. ಪರಿಹಾರದ ದುಡ್ಡು ಬಂದು ಬಿದ್ದಿದ್ದು ಮಾಲೀಕರ ಖಾತೆಗೆ. ಕೈಪಿಡಿ ಪ್ರಕಾರ ಮಳೆ ಸರಿಯಾಗಿ ಅಳೆದಿದ್ದರು, ಬೆಳೆ ಸರಿಯಾಗಿ ನೋಡಿದ್ದರು, ತಾಲ್ಲೂಕು ಸರಿಯಾಗಿ ಗುರುತಿಸಿದ್ದರು. ಆದರೆ 'ರೈತ' ಅನ್ನೋ ಇನ್ನೊಂದು ಪದಕ್ಕೆ 'ಪಹಣಿಯಲ್ಲಿ ಹೆಸರಿರೋರು' ಅನ್ನೋ ವ್ಯಾಖ್ಯಾನ ಇತ್ತು. ಬದುವಿನ ಮೇಲೆ ನಿಂತಿದ್ದ ನಾಲ್ಕನೆಯವರು, ಮನೆ ಒಳಗೆ ಇಣುಕಿದವರು, ಅವರ ಪ್ರಶ್ನೆ ಇಲ್ಲಿ ಯಾರೂ ಕೇಳಲಿಲ್ಲ.

ಹಾಗಾಗಿ ಇನ್ನು ಮುಂದೆ ಬರ, ಬಡತನ, ಅರಣ್ಯ, ನಿರುದ್ಯೋಗ ಇಂಥ ಯಾವ ಪದ ಸುದ್ದಿಯಲ್ಲಿ ಬಂದರೂ, ಇದರ ನಿಜವಾದ ಅರ್ಥ ಯಾವುದು ಅಂತ ಹುಡುಕೋದು ಬಿಟ್ಟು ಬೇರೆ ಪ್ರಶ್ನೆ ಕೇಳಿ. ಈ ಅರ್ಥ ಕಟ್ಟಿದವರು ಯಾರು? ಯಾವ ಕೆಲಸಕ್ಕೆ ಕಟ್ಟಿದರು? ಈಗ ಅದನ್ನ ಅದೇ ಕೆಲಸಕ್ಕೆ ಬಳಸ್ತಿದ್ದಾರಾ? ಗೆರೆಯಿಂದಾಚೆ ಯಾರು ಉಳಿದರು? ಮಳೆ ಅಳೆಯೋಕೆ ಮಾಡಿದ ಕೋಲಿನಲ್ಲಿ ಮನೆಯ ಹಸಿವು ಅಳೆಯೋಕೆ ಹೊರಟರೆ ಕೋಲಿನ ತಪ್ಪೇನೂ ಇಲ್ಲ.

ಈ ಸಂಚಿಕೆ ರೆಕಾರ್ಡ್ ಮಾಡೋ ಮೊದಲು ಚಿಕ್ಕಪ್ಪನಿಗೆ ಇನ್ನೊಂದು ಸಲ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ನೂರೈವತ್ತು ವ್ಯಾಖ್ಯಾನ ಇವೆಯಂತೆ ಅಂದೆ. ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಕೇಳಿದ್ರು: "ಅದ್ರಾಗೆ ಕೋರು ಮಾಡೋನು ಎಷ್ಟನೇದ್ರಾಗೆ ಬತ್ತಾನಪ್ಪ?"

ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಊರಲ್ಲಿ ಇದು ಹೇಗಿದೆ, ಬರದ ಪರಿಹಾರ ಯಾರ ಖಾತೆಗೆ ಹೋಯ್ತು, ನಮಗೆ ಬರೆದು ತಿಳಿಸಿ.